ಬೇಡ ಎಂಬ ಹಾಡು

ಮೊದಲೇ ಹೇಳಿಬಿಡುತ್ತೇನೆ: 'ಬೇಡ' ಹಾಡಿದ ನಮ್ಮ ಕಾಲೇಜು ಬ್ಯಾಂಡಿನಲ್ಲಿ ನಾನು ಏನನ್ನೂ ನುಡಿಸಿದವನಲ್ಲ, ಆಂಪ್ಲಿಫೈಯರ್ ಹೊತ್ತವನು. ಮೈಸೂರಿನ ಸರಸ್ವತಿಪುರಂನ ಬಾಡಿಗೆ ಕೋಣೆಯಿಂದ ಕಾಲೇಜಿನವರೆಗೆ ಆ ಪೆಟ್ಟಿಗೆಯನ್ನು ಸ್ಕೂಟರಿನಲ್ಲಿ ಕಾಲ ಮುಂದೆ ನಿಲ್ಲಿಸಿಕೊಂಡು ತರುತ್ತಿದ್ದೆ. ಹಾಗಾಗಿ ಗ್ರಂಜ್ ಎಂಬ ಅಬ್ಬರದ ರಾಕ್ ಎಷ್ಟು ಭಾರದ ಸಂಗೀತ ಎಂದು ನನಗೆ ಯಾರೂ ವಿವರಿಸಬೇಕಾಗಿಲ್ಲ.

2011ರಲ್ಲಿ ನಾವು ಬಿ.ಎಸ್ಸಿ.ಗೆ ಸೇರಿದಾಗ ಆ ಸಂಗೀತ ಹಳತಾಗಿತ್ತು. ಅದರ ಹೆಸರಾಂತ ಗಾಯಕ ಕರ್ಟ್ ಕೋಬೇನ್ ತೀರಿಕೊಂಡದ್ದು 1994ರಲ್ಲಿ. ಆಗ ನಮ್ಮ ಗಾಯಕ ತೊಟ್ಟಿಲಲ್ಲಿದ್ದ. ಅಮೆರಿಕದ ಸಿಯಾಟಲ್‌ನ ಆ ಗದ್ದಲ ನಮ್ಮ ಹಾಸ್ಟೆಲಿಗೆ ಪೆನ್‌ಡ್ರೈವಿನಲ್ಲಿ ಬಂತು. ಕೋಬೇನನ ತಂಡದ ಹೆಸರು ನಿರ್ವಾಣ ಎಂದು ಕೇಳಿದ ವಾರ್ಡನ್, ಧ್ಯಾನಕ್ಕೆ ಒಳ್ಳೆಯದೆಂದು ರಾತ್ರಿ ಹತ್ತರವರೆಗೆ ಅನುಮತಿ ಕೊಟ್ಟರು. ಆ ಅನುಮತಿ ಒಂದೇ ರಾತ್ರಿಯದಾಯಿತು.

ಗಿಟಾರಿನವನ ಮನೆ ಅಗ್ರಹಾರದಲ್ಲಿ. ಅವನ ಅಜ್ಜಿ ವೀಣೆಯ ಪಾಠ ಹೇಳುತ್ತಿದ್ದರು. ಗ್ರಂಜ್‌ನವರಲ್ಲಿ ಹಲವರು ಅತ್ಯಂತ ದಪ್ಪ ತಂತಿಯನ್ನು ಇ ಸ್ವರದಿಂದ ಡಿ ಸ್ವರಕ್ಕೆ ಇಳಿಸುತ್ತಾರೆ. ಆಗ ಒಂದೇ ಬೆರಳನ್ನು ಮೂರು ತಂತಿಗಳ ಮೇಲೆ ಅಡ್ಡ ಒತ್ತಿದರೆ ಸಾಕು, ಗೋಡೆ ಅದುರುವ ನಾದ. ಅಜ್ಜಿ ಅಡುಗೆಮನೆಯಿಂದಲೇ ಹಿಡಿದರು. "ಮಂದ್ರದ ತಂತಿ ಸಡಿಲ ಮಾಡಿದ್ದೀಯ, ಅಲ್ಲವೇನೋ? ಸಡಿಲ ತಂತಿಯನ್ನು ಚಚ್ಚಿದರೆ ಶ್ರುತಿ ಮೇಲಕ್ಕೆ ಹಾರಿ ಆಮೇಲೆ ಕೂರುತ್ತದೆ. ಮೆಲ್ಲಗೆ ಮೀಟು." ಮೂರು ವಾರ ಹಟ ಮಾಡಿ, ಕಡೆಗೆ ಮೆಲ್ಲಗೆ ಮೀಟಿದ. ಅಜ್ಜಿಯ ಮಾತೇ ಸರಿಯಿತ್ತು.

ಭೌತಶಾಸ್ತ್ರದ ಮೇಷ್ಟ್ರು ಒಂದು ಸಂಜೆ ಗಿಟಾರಿನವನ ಡಿಸ್ಟಾರ್ಷನ್ ಪೆಡಲನ್ನು, ಅಂದರೆ ನಾದವನ್ನು ಒರಟಾಗಿಸುವ ಪೆಟ್ಟಿಗೆಯನ್ನು, ಪ್ರಯೋಗಾಲಯದಲ್ಲಿ ಅಲೆ ತೋರಿಸುವ ಆಸಿಲೋಸ್ಕೋಪಿಗೆ ಜೋಡಿಸಿದರು. ಹಸಿರು ಪರದೆಯ ಮೇಲೆ ನಯವಾಗಿ ಏರಿಳಿಯುತ್ತಿದ್ದ ಅಲೆ, ಪೆಡಲ್ ಒತ್ತಿದ ಕ್ಷಣ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಯಿತು. "ಇದನ್ನು ನಾನು ದೋಷ ಎಂದು ಪಾಠ ಮಾಡುತ್ತೇನೆ. ನೀವು ದುಡ್ಡು ಕೊಟ್ಟು ಕೊಳ್ಳುತ್ತೀರಿ" ಎಂದರು. ಆದರೆ ಅಲ್ಲಿಂದ ಮುಂದೆ ಪ್ರತಿ ಕಾರ್ಯಕ್ರಮಕ್ಕೂ ಬಂದರು, ಕಿವಿಗೆ ಹತ್ತಿ ತುರುಕಿಕೊಂಡು.

ಮೊದಲ ವರ್ಷ ಹಾಡಿದ್ದೆಲ್ಲ ಇಂಗ್ಲಿಷ್. ಕಾಲೇಜು ದಿನಾಚರಣೆಯಲ್ಲಿ ಎರಡನೆಯ ಹಾಡಿಗೇ ಸಭಿಕರು ಕ್ಯಾಂಟೀನಿಗೆ ಎದ್ದುಹೋದರು. ನನಗೂ ಹೋಗುವ ಆಸೆ ಇತ್ತು, ಆಂಪ್ಲಿಫೈಯರ್ ಕಾಯಬೇಕಿತ್ತು.

ಹಾಡು ಸಿಕ್ಕಿದ್ದು ಮೆಸ್ಸಿನಲ್ಲಿ. ಗಾಯಕ ಅಂದು ಗಣಿತದಲ್ಲಿ ಫೇಲಾಗಿದ್ದ. ಭಟ್ಟರು ಸೌಟು ಹಿಡಿದು ಬಂದು "ಇನ್ನಷ್ಟು ಸಾಂಬಾರು?" ಎಂದರು. ಇವನು "ಬೇಡ" ಎಂದ. ಮಾಮೂಲಿನಂತೆ ಅಲ್ಲ, ಎದೆಯ ಆಳದಿಂದ "ಬೇಡಾಆಆ" ಎಂದು, ಕೊನೆಗೆ ಗಂಟಲು ಸೀಳುವಂತೆ. ಗಿಟಾರಿನವನು ತುತ್ತನ್ನು ತಟ್ಟೆಗೆ ಹಾಕಿ ಎದ್ದ. ಇಂಗ್ಲಿಷಿನ ಎಷ್ಟೋ ಪದಗಳು ವ್ಯಂಜನಕ್ಕೆ ಬಂದು ಬಾಗಿಲು ಹಾಕಿಕೊಳ್ಳುತ್ತವೆ. ಕನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ, ಬಾಯಿ ತೆರೆದೇ ಇರುತ್ತದೆ. ಅರಚುವವನಿಗೆ ಇದಕ್ಕಿಂತ ಒಳ್ಳೆಯ ಭಾಷೆ ಯಾವುದು?

ಮಂಡ್ಯದಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ಡ್ರಮ್ಮರ್ ಮರುದಿನವೇ ತಾಳ ತಂದ, ಬೋಗಿಯ ಕಿಟಕಿಯ ಮೇಲೆ ಬಾರಿಸಿ ಕಲಿತದ್ದು. ನಿರ್ವಾಣದ ಮೊದಲ ಆಲ್ಬಂ ಸುಮಾರು 600 ಡಾಲರಿನಲ್ಲಿ ಧ್ವನಿಮುದ್ರಣವಾಗಿತ್ತಂತೆ ಎಂದು ನಮಗೆ ನಾವೇ ಧೈರ್ಯ ಹೇಳಿಕೊಂಡು, ಒಂಬತ್ತು ಸಾವಿರ ರೂಪಾಯಿ ಚಂದಾ ಎತ್ತಿ ನಾಲ್ಕು ಹಾಡು ಮುದ್ರಿಸಿದೆವು. ಮೊಬೈಲಿನಿಂದ ಮೊಬೈಲಿಗೆ ಹಾರಿದ್ದು ಮಾತ್ರ 'ಬೇಡ' ಒಂದೇ.

ಕೊನೆಯ ವರ್ಷದ ದಸರೆಗೆ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ, ಕಾಲೇಜು ವಿದ್ಯಾರ್ಥಿಗಳ ಉತ್ಸವವಾದ ಯುವ ಸಂಭ್ರಮದ ವೇದಿಕೆ ಸಿಕ್ಕಿತು. ನಮಗಿಂತ ಮೊದಲೂ ನಂತರವೂ ಚಿತ್ರಗೀತೆಗಳ ಕುಣಿತ. ಎರಡನೆಯ ಪಲ್ಲವಿಗೆ ಮೆಟ್ಟಿಲುಗಳ ಮೇಲಿದ್ದವರೆಲ್ಲ "ಬೇಡ" ಎಂದು ಕೂಗಿದರು. ಗಾಯಕ ಹಾಡು ನಿಲ್ಲಿಸಿ ಸುಮ್ಮನೆ ನಿಂತುಬಿಟ್ಟ, ಅವರು ನಿಲ್ಲಿಸಲಿಲ್ಲ. ಆಮೇಲೆ ಬೆಂಗಳೂರು, ದೊಡ್ಡ ವೇದಿಕೆಗಳು, ಪೆಟ್ಟಿಗೆ ಹೊರಲು ಸಂಬಳದ ಜನ. ನನ್ನ ಕೆಲಸ ಹೋಯಿತು.

ಯುವ ಸಂಭ್ರಮಕ್ಕೆ ಭಟ್ಟರೂ ಬಂದಿದ್ದರು, ನಮಗೆ ಗೊತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಏನನ್ನೂ ಕೇಳದೆ ಗಾಯಕನ ತಟ್ಟೆಗೆ ಮೂರು ಸೌಟು ಸಾಂಬಾರು ಸುರಿದು ಮುಂದಿನ ಸಾಲಿಗೆ ನಡೆದರು.