ಸ್ಟ್ರಿಪ್‌ನಲ್ಲಿ ಎರಡು ಗೆರೆ ಬಂತು, ಅಂಡೋತ್ಪತ್ತಿ ಆಯ್ತಾ?

ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಉತ್ತರ: ಇನ್ನೂ ಆಗಿಲ್ಲ. ಕೆಲವೊಮ್ಮೆ ಆಗದೆಯೂ ಹೋಗಬಹುದು.

ಮೂತ್ರದಲ್ಲಿ ಪರೀಕ್ಷಿಸುವ ಈ ಅಂಡೋತ್ಪತ್ತಿ ಸ್ಟ್ರಿಪ್‌ಗೆ ಅಂಡ ಕಾಣುವುದಿಲ್ಲ. ಅಂಡ ಬಿಡುಗಡೆಗೆ ಪಿಟ್ಯುಟರಿ ಗ್ರಂಥಿ ಕಳಿಸುವ ಎಲ್‌ಎಚ್ ಹಾರ್ಮೋನು ಏರಿದೆ ಎಂದಷ್ಟೇ ಅದು ತಿಳಿಸುತ್ತದೆ. ಸಾಮಾನ್ಯವಾಗಿ ಅದಾದ ಒಂದೂವರೆ ದಿನದೊಳಗೆ ಅಂಡ ಹೊರಬರುತ್ತದೆ. ಅಂಡದ ಆಯುಸ್ಸು 12ರಿಂದ 24 ಗಂಟೆ, ವೀರ್ಯಾಣುವಿನದು 5 ದಿನದವರೆಗೆ. ಆದ್ದರಿಂದ ಗೆರೆಗಾಗಿ ಕಾದು ಕೂರಬೇಡಿ. ಮೊದಲೇ ದಿನ ಬಿಟ್ಟು ದಿನ ಸೇರುತ್ತಿದ್ದು, ಗೆರೆ ಬಂದ ದಿನ ಮತ್ತು ಮರುದಿನ ತಪ್ಪಿಸದಿದ್ದರೆ ಸಾಕು.

ಹೆಚ್ಚಿನವರು ಎಡವುವುದು ಮಸುಕು ಗೆರೆಯಲ್ಲಿ. ಗರ್ಭ ಪರೀಕ್ಷೆಯಲ್ಲಿ ಮಸುಕು ಗೆರೆಗೂ ಬೆಲೆಯುಂಟು, ಇಲ್ಲಿ ಇಲ್ಲ. ಎಲ್‌ಎಚ್ ಮೈಯಲ್ಲಿ ಸದಾ ಸ್ವಲ್ಪ ಇದ್ದೇ ಇರುತ್ತದೆ. ಪರೀಕ್ಷೆಯ ಗೆರೆ, ಸ್ಟ್ರಿಪ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಕಂಟ್ರೋಲ್ ಗೆರೆಯಷ್ಟೇ ಅಥವಾ ಅದಕ್ಕಿಂತ ಗಾಢವಾಗಿರಬೇಕು. ಪರೀಕ್ಷೆಗೆ ಮೊದಲು ಎರಡು ಗಂಟೆ ಹೆಚ್ಚು ನೀರು ಕುಡಿಯಬೇಡಿ. ತೆಳುವಾದ ಮೂತ್ರದಲ್ಲಿ ಗೆರೆ ಸೋತುಹೋಗುತ್ತದೆ. ಪ್ಯಾಕೆಟ್ ಹೇಳಿದ ನಿಮಿಷಗಳು ಕಳೆದ ಮೇಲೆ ಮೂಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪಿಸಿಓಡಿ (ಹಾರ್ಮೋನು ಏರುಪೇರಿನಿಂದ ಅಂಡೋತ್ಪತ್ತಿ ತಪ್ಪುವ ಅಂಡಾಶಯದ ತೊಂದರೆ) ಇದ್ದವರಲ್ಲಿ ಎಲ್‌ಎಚ್ ಮೊದಲೇ ಹೆಚ್ಚಿರಬಹುದು, ವಾರವಿಡೀ ಗಾಢ ಗೆರೆ ಬರಬಹುದು. ಅವರು ಸ್ಟ್ರಿಪ್‌ಗೆ ಹಣ ಸುರಿಯುವುದಕ್ಕಿಂತ ಸ್ಕ್ಯಾನಿಂಗ್‌ನಲ್ಲಿ ಫಾಲಿಕ್ಯುಲರ್ ಸ್ಟಡಿ (ಅಂಡದ ಕೋಶ ಬೆಳೆಯುವುದನ್ನು ನೋಡುವ ಪರೀಕ್ಷೆ) ಮಾಡಿಸುವುದೇ ಲೇಸು.

ಸ್ಟ್ರಿಪ್ ಪರೀಕ್ಷೆ ಯಾವ ದಿನದಿಂದ ಶುರು? ಮುಟ್ಟಾದ ದಿನವನ್ನು 1ನೇ ದಿನ ಎಂದು ಎಣಿಸಿ. ನಿಮ್ಮ ಅತಿ ಚಿಕ್ಕ ಋತುಚಕ್ರದಿಂದ 17 ಕಳೆಯಿರಿ: 28ಕ್ಕೆ 11ನೇ ದಿನ, 35ಕ್ಕೆ 18ನೇ ದಿನ. ‘14ನೇ ದಿನ’ ಎಂಬ ಮಾತು 28 ದಿನದ ಚಕ್ರದವರಿಗೆ ಮಾತ್ರ. ಆ ಸುಮಾರು 14 ದಿನಗಳನ್ನು ಎಣಿಸಬೇಕಾದ್ದು ಮುಂದಿನ ಮುಟ್ಟಿನಿಂದ ಹಿಂದಕ್ಕೆ.

ಖರ್ಚಿಲ್ಲದ ಗುರುತು ಯೋನಿಯ ಲೋಳೆ. ಫಲವತ್ತಾದ ದಿನಗಳಲ್ಲಿ ಅದು ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಬೆರಳ ನಡುವೆ ನೂಲಿನಂತೆ ಎಳೆಯುತ್ತದೆ. ಮೊಟ್ಟೆ ಮುಟ್ಟದವರು ಬೆಂಡೆಕಾಯಿ ಲೋಳೆ ನೆನೆಸಿಕೊಳ್ಳಿ.

ಅಂಡ ನಿಜಕ್ಕೂ ಬಿಡುಗಡೆಯಾಯಿತೇ ಎಂಬುದು ಆಮೇಲಷ್ಟೇ ಗೊತ್ತಾಗುವುದು. ಬೆಳಗ್ಗೆ ಹಾಸಿಗೆ ಬಿಡುವ ಮುನ್ನ ಅಳೆದ ಮೈಶಾಖ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿ ಮೂರು ದಿನ ನಿಂತರೆ ಬಹುತೇಕ ಆಗಿದೆ. ಜ್ವರ, ನಿದ್ದೆಗೇಡು ಈ ಲೆಕ್ಕ ಕೆಡಿಸುತ್ತವೆ. ಇನ್ನೂ ಖಚಿತ ಬೇಕಾದರೆ, ಅಂಡ ಬಿಡುಗಡೆಯ ನಂತರ ಏರುವ ಪ್ರೊಜೆಸ್ಟರಾನ್ ಹಾರ್ಮೋನಿನ ರಕ್ತಪರೀಕ್ಷೆ. ಮಿಲಿಲೀಟರಿಗೆ 3 ನ್ಯಾನೋಗ್ರಾಂ ಮೀರಿದ್ದರೆ ಅಂಡೋತ್ಪತ್ತಿ ಆದಂತೆ. ಚೀಟಿಯಲ್ಲಿ ‘21ನೇ ದಿನ’ ಎಂದಿದ್ದರೆ ನಿಮ್ಮ ಚಕ್ರ ಎಷ್ಟು ದಿನದ್ದೆಂದು ವೈದ್ಯರಿಗೆ ಹೇಳಿ. 35 ದಿನದವರು 21ರಂದು ರಕ್ತ ಕೊಟ್ಟರೆ ಅಂಡ ಬಿಡುಗಡೆಯ ಹೊತ್ತಿಗೇ ಪರೀಕ್ಷಿಸಿದಂತಾಗಿ ‘ಆಗಿಲ್ಲ’ ಎಂದು ಬರುತ್ತದೆ. ಅವರಿಗೆ ಸರಿಯಾದದ್ದು ಮುಂದಿನ ಮುಟ್ಟಿಗೆ ಒಂದು ವಾರ ಮುಂಚಿನ 28ನೇ ದಿನ.