ಸೆನೆಟರ್ ಹೆಂಡ್ತಿಗೂ ಒಂದು ಹೆಸರಿದೆ

ಪಕ್ಕದ ಮನೆಯವರು ಮೊನ್ನೆ ಹೇಳಿದ ಒಂದು ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದ ನಮ್ಮ ಬರ್ಲಿಂಗ್ಟನ್ ಊರಲ್ಲಿ ನಾರ್ತ್ ಅವೆನ್ಯೂ ಕಡೆ ಇಬ್ರೂ ವಾಕಿಂಗ್ ಹೋಗಿದ್ವಿ, ಶಾಂಪ್ಲೇನ್ ಸರೋವರದ ಕಡೆಗೆ ಇಳಿಯೋ ಜಾಗದಲ್ಲಿ ಈಗ ಹೊಸ ಅಪಾರ್ಟ್‌ಮೆಂಟ್‌ಗಳು ಎದ್ದಿವೆ, ಅಲ್ಲಿ ನಿಂತ್ಕೊಂಡು "ನಾನು ಓದಿದ ಕಾಲೇಜು ಕೊನೆಗೆ ಇದ್ದಿದ್ದು ಇಲ್ಲೇ" ಅಂದ್ರು. ಮಕ್ಕಳು ದೊಡ್ಡವರಾದ್ಮೇಲೆ ಡಿಗ್ರಿ ಮುಗಿಸಿದವರು ಅವರು. ಸ್ವಲ್ಪ ಹೊತ್ತು ಬಿಟ್ಟು "ಊರೆಲ್ಲಾ ಸೆನೆಟರ್ ಹೆಂಡ್ತಿ ಕಾಲೇಜು ಅಂತ ಹೇಳಿ ಮುಗಿಸ್ತಾರೆ, ಅವರಿಗೂ ಒಂದು ಹೆಸರಿದೆ, ನನ್ನ ಕಾಲೇಜಿಗೂ ಒಂದು ಹೆಸರಿತ್ತು" ಅಂದ್ರು, ಕಣ್ಣು ತುಂಬಿತ್ತು.

ಕಾಲೇಜಿನ ಹೆಸರು ಬರ್ಲಿಂಗ್ಟನ್ ಕಾಲೇಜ್. 1972ರಲ್ಲಿ ಒಬ್ಬ ಮೇಷ್ಟ್ರು ತಮ್ಮ ಮನೆಯ ಹಾಲಲ್ಲೇ ಶುರು ಮಾಡಿದ್ದು, ಮಾಮೂಲಿ ಕಾಲೇಜಿಗೆ ಹೊಂದಿಕೊಳ್ಳದವರು, ಕೆಲಸ ಮಾಡ್ಕೊಂಡೇ ಓದೋರು ಇಲ್ಲಿಗೆ ಬರ್ತಿದ್ರು, ಎಲ್ಲಾ ಸೇರಿ ಇನ್ನೂರರ ಆಸುಪಾಸು ವಿದ್ಯಾರ್ಥಿಗಳು ಅಷ್ಟೇ. ಜೇನ್ ಸ್ಯಾಂಡರ್ಸ್ 2004ರಿಂದ 2011ರ ತನಕ ಅದರ ಪ್ರೆಸಿಡೆಂಟ್ ಆಗಿದ್ರು. ಗಂಡ ಬರ್ನಿ ಸ್ಯಾಂಡರ್ಸ್ ಆಗ ಅಮೆರಿಕದ ಸಂಸತ್ತಿನ ಕೆಳಮನೆಯ ಸದಸ್ಯ, 2007ರಲ್ಲಿ ಮೇಲ್ಮನೆಗೆ ಹೋಗಿ ಸೆನೆಟರ್ ಆದ್ರು. ಗಂಡನ ನೆರಳಲ್ಲಿ ಬೆಳೆದು ಬಂದವರು ಅಂತ ಅನ್ಕೊಳ್ಳೋದು ಸುಲಭ, ಆದ್ರೆ 1988ರಲ್ಲಿ ಮದುವೆ ಆಗೋ ಮುಂಚೇನೇ ಈ ಊರಿನ ಹುಡುಗ ಹುಡುಗಿಯರಿಗೋಸ್ಕರ ಸಿಟಿಯ ಯೂತ್ ಆಫೀಸ್ ಕಟ್ಟಿ ನಡೆಸಿದವರು ಅವರು, 1996ರಲ್ಲಿ ಗೊಡ್ಡಾರ್ಡ್ ಕಾಲೇಜಿಗೆ ಹಂಗಾಮಿ ಪ್ರೆಸಿಡೆಂಟ್ ಕೂಡ ಆಗಿದ್ರು.

ಸಣ್ಣ ಕಾಲೇಜಿನ ಪ್ರೆಸಿಡೆಂಟ್ ಕೆಲಸ ಅಂದ್ರೆ ಪಾಠ ಕಮ್ಮಿ, ದುಡ್ಡಿನ ಚಿಂತೆ ಜಾಸ್ತಿ. ದೊಡ್ಡ ಯೂನಿವರ್ಸಿಟಿಗಳ ಹಾಗೆ ಕೂಡಿಟ್ಟ ನಿಧಿ ಇರಲ್ಲ, ಮಕ್ಕಳ ಫೀಸಲ್ಲೇ ಎಲ್ಲಾ ನಡೀಬೇಕು, ಹತ್ತು ಜನ ಕಮ್ಮಿ ಸೇರಿದ್ರೂ ಸಂಬಳಕ್ಕೆ ತತ್ವಾರ. ಅದಕ್ಕೇ ಕಾಲೇಜು ದೊಡ್ಡದಾಗ್ಬೇಕು ಅಂತ 2010ರಲ್ಲಿ ಕ್ಯಾಥೊಲಿಕ್ ಧರ್ಮಪ್ರಾಂತ್ಯದಿಂದ ಸರೋವರದ ದಡದ ಮೂವತ್ತಕ್ಕೂ ಹೆಚ್ಚು ಎಕರೆ ಜಾಗ, ಹಳೇ ಅನಾಥಾಲಯದ ಕಟ್ಟಡದ ಸಮೇತ, ಸುಮಾರು 1 ಕೋಟಿ ಡಾಲರ್‌ಗೆ ತಗೊಂಡ್ರು, ಅದರಲ್ಲಿ ಬಹುಪಾಲು ಸಾಲ. ಅನ್ಕೊಂಡಷ್ಟು ದೇಣಿಗೆ ಬರಲಿಲ್ಲ, ಅನ್ಕೊಂಡಷ್ಟು ಮಕ್ಕಳೂ ಬರಲಿಲ್ಲ. 2011ರಲ್ಲಿ ಜೇನ್ ಹೊರಗೆ ಬಂದ್ರು, ಆಮೇಲೆ ಜಾಗ ಮಾರಿದ್ರೂ ಸಾಲದ ಭಾರ ತಡ್ಕೊಳ್ಳಕ್ಕಾಗದೆ 2016ರ ಮೇ ತಿಂಗಳಲ್ಲಿ ಕಾಲೇಜೇ ಮುಚ್ಚಿತು.

ಅದೇ ವರ್ಷ ಗಂಡ ಅಮೆರಿಕದ ಅಧ್ಯಕ್ಷ ಚುನಾವಣೆಯ ಕಣದಲ್ಲಿದ್ರು. ಸಾಲದ ಅರ್ಜಿಯಲ್ಲಿ ಬರಬೇಕಾದ ದೇಣಿಗೆಯನ್ನ ಹೆಚ್ಚಾಗಿ ತೋರಿಸಿದ್ದಾರೆ ಅಂತ ಎದುರು ಪಕ್ಷದ ಕಡೆಯ ವಕೀಲರೊಬ್ಬರು ದೂರು ಕೊಟ್ರು, ಎಫ್‌ಬಿಐ ತನಿಖೆ ಆಯ್ತು, 2018ರಲ್ಲಿ ಯಾವ ಕೇಸೂ ಹಾಕದೆ ಮುಗೀತು. ಆ ಜಾಗ ತಗೊಂಡಿದ್ದು ಕಾಲೇಜಿನ ಶಕ್ತಿಗೆ ಮೀರಿದ ನಿರ್ಧಾರ ಅಂತಾನೇ ನನಗನ್ನಿಸುತ್ತೆ. ಆದ್ರೆ ನಮ್ಮ ವರ್ಮಾಂಟಲ್ಲಿ ಸೆನೆಟರ್ ಹೆಂಡ್ತಿ ಇಲ್ಲದ ಕಾಲೇಜುಗಳೂ ಒಂದರ ಹಿಂದೆ ಒಂದು ಬಾಗಿಲು ಹಾಕಿವೆ, 2019ರಲ್ಲೇ ಗ್ರೀನ್ ಮೌಂಟನ್, ಸದರ್ನ್ ವರ್ಮಾಂಟ್, ಸೇಂಟ್ ಜೋಸೆಫ್ ಮೂರೂ ಹೋದ್ವು, 2024ರಲ್ಲಿ ಗೊಡ್ಡಾರ್ಡ್ ಕೂಡ. ಆ ಕಾಲೇಜುಗಳ ಪ್ರೆಸಿಡೆಂಟ್‌ಗಳ ಗಂಡ ಯಾರು, ಹೆಂಡ್ತಿ ಯಾರು ಅಂತ ಯಾರೂ ಟಿವಿಲಿ ಕೂತು ಮಾತಾಡಲಿಲ್ಲ.

ಆದರೂ ಒಂದು ವಿಷಯಕ್ಕೆ ಈ ದೇಶವನ್ನ ಮೆಚ್ಚಲೇಬೇಕು. ಗಂಡ ಸೆನೆಟರ್ ಅಂತ ಲೆಕ್ಕ ಕೇಳೋದನ್ನ ಯಾರೂ ಬಿಡಲಿಲ್ಲ. ನಮ್ಮ ಕರ್ನಾಟಕದಲ್ಲಿ ಎಷ್ಟು ಎಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜು ರಾಜಕಾರಣಿಗಳ ಮನೆತನದ ಟ್ರಸ್ಟ್‌ಗಳ ಕೈಲಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕ್ಯಾಪಿಟೇಶನ್, ಅಂದ್ರೆ ಸೀಟಿಗೆ ಅಂತ ಫೀಸಿನ ಮೇಲೆ ಕೇಳೋ ದುಡ್ಡು, ನಿಲ್ಲಿಸಬೇಕು ಅಂತ ಕರ್ನಾಟಕ ಕಾನೂನು ಮಾಡಿದ್ದು 1984ರಲ್ಲಿ, 1992ರಲ್ಲಿ ಮೋಹಿನಿ ಜೈನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಕೂಡ ಕ್ಯಾಪಿಟೇಶನ್ ತಗೊಳ್ಳೋದು ತಪ್ಪು ಅಂತು, ಆದರೂ ಸೀಟು ಕೇಳೋಕೆ ಹೋದ ಅಪ್ಪ ಅಮ್ಮಂದಿರಿಗೆ ಗೊತ್ತು ನಿಜ ಏನು ಅಂತ. ಆ ಟ್ರಸ್ಟ್‌ಗಳ ಸಾಲ ಎಷ್ಟು, ದೇಣಿಗೆ ಎಷ್ಟು, ಕೇಳೋರು ಯಾರು?

ನಮ್ಮ ಚಿಕ್ಕಮ್ಮ ಅಂಥದ್ದೇ ಒಂದು ಕಾಲೇಜಲ್ಲಿ ಲೆಕ್ಚರರ್ ಆಗಿದ್ರು. ಎಂಎಲ್‌ಎ ಸಾಹೇಬ್ರ ಹೆಂಡ್ತಿ ಅಧ್ಯಕ್ಷೆ. ವಾರ್ಷಿಕೋತ್ಸವದ ದಿನ ಬರೋರು, ದೀಪ ಹಚ್ಚೋರು, ಶಾಲು ಹೊದಿಸ್ಕೊಂಡು ಕೂರೋರು, ಭಾಷಣ ಮಾತ್ರ ಸಾಹೇಬ್ರದ್ದೇ. ಒಂದ್ಸಲ ನಾನು ಚಿಕ್ಕಮ್ಮನ ಜೊತೆ ಸ್ಟಾಫ್ ರೂಮಲ್ಲಿದ್ದಾಗ ಆ ಮೇಡಂ ಒಬ್ಬರೇ ಬಂದ್ರು. "ಹುಡುಗೀರ ಟಾಯ್ಲೆಟ್‌ಗೆ ನೀರಿಲ್ಲ ಅಂತ ಕೇಳ್ದೆ ಮೇಡಂ, ಯಾರಿಗೆ ಹೇಳ್ಬೇಕು?" ಅಂತ ಚಿಕ್ಕಮ್ಮನ್ನ ಕೇಳಿದ್ರು. ಅಧ್ಯಕ್ಷೆ ಲೆಕ್ಚರರ್ ಹತ್ರ ಕೇಳ್ತಿದಾರೆ! ಚಿಕ್ಕಮ್ಮ ಎದ್ದು ನಿಂತು "ನೀವು ಹೇಳಿದ್ರೆ ಆಗುತ್ತಲ್ಲ ಅಮ್ಮಾ" ಅಂದ್ರು. "ನಾನು ಹೇಳಿದ್ರೆ ಅವರು, ಅದೆಲ್ಲಾ ನಿನಗ್ಯಾಕೆ ಅಂತಾರೆ" ಅಂದ್ರು ಆಯಮ್ಮ. ಬೋರ್ಡ್ ಮೇಲೆ ಅವರ ಹೆಸರು ಇಷ್ಟು ದೊಡ್ಡದಾಗಿತ್ತು.

ಆ ಕಾಲೇಜು ಈಗಲೂ ಇದೆ, ಚೆನ್ನಾಗೇ ನಡೀತಿದೆ, ಸಾಹೇಬ್ರ ಮಗ ನೋಡ್ಕೊಳ್ತಾನಂತೆ. ಮೇಡಂ ಊರಲ್ಲೇ ಇದಾರೆ ಅಂತ ಚಿಕ್ಕಮ್ಮ ಫೋನಲ್ಲಿ ಹೇಳಿದ್ರು. ಈ ಸಲ ರಜಕ್ಕೆ ಬಂದಾಗ ಹೋಗಿ ಮಾತಾಡಿಸ್ಬೇಕು, ನಿಮಗೆ ಆ ಕಾಲೇಜನ್ನ ಏನು ಮಾಡ್ಬೇಕು ಅಂತ ಇತ್ತು ಅಂತ ಕೇಳ್ಬೇಕು.