ಕಲಬುರಗಿಯಿಂದ ಕರಾವಳಿಗೆ ಕಾರವಾನ್: ಗಂಡ-ಹೆಂಡತಿ ಇಬ್ಬರೇ ಹೊರಡುವುದಾದರೆ

ಕಾರವಾನ್, ಅಂದರೆ ಹಾಸಿಗೆ, ಅಡುಗೆಕಟ್ಟೆ ಇರುವ ಗಾಡಿಯಲ್ಲಿ ಹೊರಡುವವರಿಗೆ ಮೊದಲು ತಿಂಗಳು ನಿಕ್ಕಿಯಾಗಲಿ. ದೀಪಾವಳಿ ಮುಗಿದ ಮೇಲೆ ಹೊರಟು ಫೆಬ್ರವರಿಯೊಳಗೆ ಊರಿಗೆ ಮರಳುವುದು ಒಳ್ಳೆಯದು. ಶರಣಬಸವೇಶ್ವರ ಜಾತ್ರೆ ಮುಗಿಸಿಕೊಂಡು ಹೊರಡೋಣ ಎಂದರೆ ಅಷ್ಟರಲ್ಲಿ ಕಡಲ ಕಡೆ ಸೆಕೆ ಏರಿರುತ್ತದೆ. ಮಳೆಗಾಲವಂತೂ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋಯಿತು, ಜೀವಗಳೂ ಹೋದವು. ಅದೇ ಹೆದ್ದಾರಿ 66ರಲ್ಲಿಯೇ ನಿಮ್ಮ ಗಾಡಿ ಓಡಬೇಕು.

ಲೈಸೆನ್ಸ್ ಬಗ್ಗೆ ಹಲವರಿಗೆ ಅನುಮಾನವಿದೆ. ಗಾಡಿಯ ಒಟ್ಟು ತೂಕ 7,500 ಕಿಲೋ ಒಳಗಿದ್ದರೆ ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸೇ ಸಾಕು. ಬಾಡಿಗೆಯ ಹಳದಿ ನಂಬರ್ ಪ್ಲೇಟ್ ಗಾಡಿಗೂ ಅದು ನಡೆಯುತ್ತದೆ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸ್ವಂತ ಟೆಂಪೋ ಟ್ರಾವೆಲರ್‌ಗೆ ಹಾಸಿಗೆ, ಅಡುಗೆಕಟ್ಟೆ ಕೂಡಿಸಿದ್ದರೆ ಆ ಬದಲಾವಣೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ದಾಖಲಾಗಿರಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯ ಹಣಕ್ಕೆ ತೊಡಕಾಗುತ್ತದೆ.

ದಾರಿ ಸರಳ. ಜೇವರ್ಗಿ, ಸಿಂದಗಿ ಹಾದು ವಿಜಯಪುರ, ಸುಮಾರು 160 ಕಿ.ಮೀ. ಮೊದಲ ಮುಕ್ಕಾಂ ಅಲ್ಲೇ ಇರಲಿ. ಮರುದಿನ ಕೊಲ್ಹಾರದ ಸೇತುವೆ ದಾಟಿ ಗದ್ದನಕೇರಿ, ಕೆರೂರು, ನರಗುಂದ, ನವಲಗುಂದದ ಮೇಲೆ ಹುಬ್ಬಳ್ಳಿ. ಮೂರನೇ ದಿನ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಈ ಘಟ್ಟದಲ್ಲಿ ಲಾರಿಗಳ ಸಾಲು ಹೆಚ್ಚು, ಆದ್ದರಿಂದ ಬೆಳಗ್ಗೆಯೇ ಇಳಿಯಿರಿ. ಹತ್ತಲು ಯಾವ ಗೇರ್ ಬೇಕಾಗುತ್ತದೋ ಇಳಿಯಲೂ ಅದೇ ಗೇರ್. ಬಯಲುಸೀಮೆಯ ನೇರ ರಸ್ತೆಯ ರೂಢಿಯವರು ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯುತ್ತಾರೆ. ಮೂರು-ನಾಲ್ಕು ಟನ್ ಗಾಡಿಯಲ್ಲಿ ಹಾಗೆ ಮಾಡಿದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಕಾದ ಚಕ್ರಕ್ಕೆ ನೀರು ಸುರಿಯಬೇಡಿ.

ನೂರು ಲೀಟರ್ ಟ್ಯಾಂಕ್ ತುಂಬಿಸಿದರೆ ನೂರು ಕಿಲೋ ಭಾರ. ಕಲಬುರಗಿಯಲ್ಲಿ ಕಾಲುಭಾಗ ಮಾತ್ರ ಹಾಕಿಕೊಂಡು, ದಾರಿಯ ಮುಕ್ಕಾಂಗಳಲ್ಲಿ ಬೇಕಾದಷ್ಟೇ ಸೇರಿಸುತ್ತ, ಘಟ್ಟ ಇಳಿದ ಮೇಲೆ ಪೂರ್ತಿ ತುಂಬಿಸಿ. ನಮ್ಮ ಬೋರಿನ ಗಡಸು ನೀರು ಗೀಸರ್‌ನಲ್ಲಿ, ಪಂಪಿನ ಜಾಲರಿಯಲ್ಲಿ ಸುಣ್ಣ ಕಟ್ಟುತ್ತದೆ ಎಂಬುದೂ ಇದಕ್ಕೊಂದು ಕಾರಣ. ಇಬ್ಬರಿಗೆ ಹಿಡಿತದಿಂದ ಬಳಸಿದರೆ ದಿನಕ್ಕೆ 30 ಲೀಟರ್ ಸಾಕು. ಕುಡಿಯುವ ನೀರು ಬೇರೆ ಕ್ಯಾನಿನಲ್ಲಿರಲಿ.

ಕರೆಂಟಿನ ಲೆಕ್ಕ ಹೊರಡುವ ಮೊದಲೇ ಆಗಬೇಕು. 12 ವೋಲ್ಟಿನ 200 ಎಎಚ್ (ಆಂಪಿಯರ್-ಅವರ್) ಲಿಥಿಯಂ ಬ್ಯಾಟರಿಯಲ್ಲಿ ಸುಮಾರು ಎರಡೂವರೆ ಯೂನಿಟ್ ಇರುತ್ತದೆ. ಚಿಕ್ಕ ಫ್ರಿಜ್‌ಗೆ ದಿನಕ್ಕೆ ಅರ್ಧ ಯೂನಿಟ್, ಫ್ಯಾನು, ದೀಪ, ಮೊಬೈಲ್‌ಗೆ ಇನ್ನೊಂದು ಕಾಲು ಯೂನಿಟ್. ಹೀಗೆ ಮೂರು ದಿನ ನಡೆಯುತ್ತದೆ. ಒಂದು ಟನ್ ಎಸಿ ಹಚ್ಚಿದರೆ ಎರಡು ಗಂಟೆಯಲ್ಲಿ ಮುಗಿಯಿತು! ಆ್ಯಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸುವಂತಿಲ್ಲ, ಅಂದರೆ ಸಿಗುವುದೇ ಅರ್ಧ. ಇಲ್ಲಿ 42 ಡಿಗ್ರಿ ಬಿಸಿಲಿಗೆ ಕೂಲರ್ ಸಾಕಾಗುತ್ತದೆಂದು ಅದನ್ನೇ ಹೊತ್ತೊಯ್ಯಬೇಡಿ. ಕೂಲರ್ ತಂಪು ಮಾಡುವುದು ನೀರು ಆರುವುದರಿಂದ. ಕರಾವಳಿಯ ಹಸಿ ಗಾಳಿಯಲ್ಲಿ ನೀರು ಆರದು, ಮೈ ಇನ್ನಷ್ಟು ಅಂಟಂಟಾಗುತ್ತದೆ. ಎರಡೂ ಬದಿ ಕಿಟಕಿಗೆ ಸೊಳ್ಳೆಜಾಲರಿ, ಛಾವಣಿಯಲ್ಲಿ ಗಾಳಿ ಹೊರದೂಡುವ ಫ್ಯಾನ್ ಇದ್ದರೆ ಡಿಸೆಂಬರ್ ರಾತ್ರಿಗಳು ಎಸಿ ಇಲ್ಲದೆ ಕಳೆಯುತ್ತವೆ. ಎಸಿ ಬೇಕೇಬೇಕು ಅನ್ನುವವರು 16 ಆಂಪ್ ಸಾಕೆಟ್ ಕೊಡುವ ಹೋಮ್‌ಸ್ಟೇ ಅಂಗಳವನ್ನು ಮೊದಲೇ ಕೇಳಿಟ್ಟುಕೊಳ್ಳಲಿ. ಸೋಲಾರ್ ಪ್ಯಾನೆಲ್ ಇದೆಯೆಂದು ತೆಂಗಿನ ನೆರಳಲ್ಲಿ ನಿಲ್ಲಿಸಿದರೆ ಚಾರ್ಜೂ ಆಗದು, ಮೇಲಿಂದ ಕಾಯಿ ಬಿದ್ದರೆ ಪ್ಯಾನೆಲ್ಲೂ ಉಳಿಯದು.

ಅದೇ ಹಸಿ ಗಾಳಿ ಬುತ್ತಿಯನ್ನೂ ಬಿಡುವುದಿಲ್ಲ. ಇಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟರೂ ವಾರಗಟ್ಟಲೆ ಕಟಕಟ ಅನ್ನುವ ಖಡಕ್ ರೊಟ್ಟಿ ಅಲ್ಲಿ ಎರಡೇ ದಿನಕ್ಕೆ ಮೆತ್ತಗಾಗಿ ಬೂಸ್ಟು ಹಿಡಿಯಬಹುದು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗಳಲ್ಲಿ ಹತ್ತತ್ತರಂತೆ ಹಂಚಿಡಿ, ಒಂದು ಮುಗಿಯುವವರೆಗೆ ಇನ್ನೊಂದನ್ನು ತೆರೆಯಬೇಡಿ. ಶೇಂಗಾ ಹಿಂಡಿಗೆ ಹಸಿ ಚಮಚ ತಾಗಿಸಬೇಡಿ. ಅಡುಗೆಗೆ 5 ಕಿಲೋ ಸಿಲಿಂಡರ್ ಸಾಕು. ಅದನ್ನು ನೆಟ್ಟಗೆ ನಿಲ್ಲಿಸಿ ಬೆಲ್ಟಿನಿಂದ ಕಟ್ಟಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಗೂಡಿನ ತಳದಲ್ಲಿ ಹೊರಗೆ ತೆರೆಯುವ ಕಿಂಡಿ ಇರಲೇಬೇಕು. ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್.

ಕಡಲ ದಡ ಮುಟ್ಟಿದ ಮೇಲೆ ದಿನಕ್ಕೆ 50 ಕಿ.ಮೀ. ದಾಟಬೇಡಿ. ಅಂಕೋಲಾದಿಂದ ಉತ್ತರಕ್ಕೆ ಕಾರವಾರ ನೋಡಿ, ಅಲ್ಲಿಂದ ದಕ್ಷಿಣಕ್ಕೆ ಇಳಿಯುತ್ತ ಬರುವುದು ಅನುಕೂಲ. ಗೋಕರ್ಣದ ಓಣಿಗಳು ಇಕ್ಕಟ್ಟು. ಊರಾಚೆ ಗಾಡಿ ನಿಲ್ಲಿಸಿ ಆಟೋ ಹಿಡಿಯಿರಿ. ಗಾಡಿಯ ಎತ್ತರ ಎಷ್ಟು ಅಡಿ ಎಂದು ಸ್ಟೇರಿಂಗ್ ಎದುರು ಚೀಟಿ ಅಂಟಿಸಿಡಿ, ಹಳ್ಳಿ ದಾರಿಗಳಲ್ಲಿ ಜೋತುಬಿದ್ದ ವೈರುಗಳಿರುತ್ತವೆ. ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತಾರಾಷ್ಟ್ರೀಯ ಗುರುತು) ಸಿಕ್ಕಿದೆ. ಸ್ವಚ್ಛ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಇರುವುದರಿಂದ ಹಗಲಿಡೀ ಅಲ್ಲಿ ಕಳೆಯಲು ನಿಶ್ಚಿಂತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ ಇರುವ ಮರವಂತೆ ಕಣ್ಣಿಗೆ ಹಬ್ಬ, ಆದರೆ ಹೆದ್ದಾರಿ ಬದಿಯಲ್ಲಿ ರಾತ್ರಿ ಮಲಗುವುದು ಅಪಾಯ. ಕತ್ತಲಾಗುವ ಮೊದಲೇ ಮುಕ್ಕಾಂ ಸೇರಿರಿ.

ಮರಳಿಗೆ ಗಾಡಿ ಇಳಿಸಲೇಬೇಡಿ. ಎರೆಮಣ್ಣಿನ ಕೆಸರಿನಲ್ಲಿ ಗಾಡಿ ಓಡಿಸಿ ಗೊತ್ತಿದ್ದವರೂ ಇಲ್ಲಿ ಸಿಕ್ಕಿಬೀಳುತ್ತಾರೆ, ಏಕೆಂದರೆ ಮರಳಿನಲ್ಲಿ ಆ್ಯಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡುತ್ತದೆ. ಹೂತರೆ ಎಂಜಿನ್ ನಿಲ್ಲಿಸಿ, ಚಕ್ರದ ಮುಂದಿನ ಮರಳು ತೆಗೆದು, ಟೈರಿನ ಗಾಳಿ ಮೂರನೇ ಒಂದು ಭಾಗ ಇಳಿಸಿ, ಎಳೆಯುವ ಚಕ್ರಗಳಡಿ ಗೋಣಿಚೀಲ ಹಾಸಿ ಗಾಡಿಯನ್ನು ನಿಧಾನವಾಗಿ ಓಡಿಸಿ ಹೊರತನ್ನಿ. ಹೊರಬಂದ ಮೇಲೆ ಗಾಳಿ ತುಂಬಲು ಚಿಕ್ಕ ಪಂಪ್ ಜೊತೆಗಿರಲಿ.

ಕ್ಯಾಸೆಟ್ ಶೌಚಾಲಯದ (ಹೊಲಸು ತುಂಬುವ ಪೆಟ್ಟಿಗೆಯನ್ನು ಹೊರತೆಗೆದು ಖಾಲಿ ಮಾಡುವಂಥದ್ದು) 20 ಲೀಟರ್ ಪೆಟ್ಟಿಗೆ ಇಬ್ಬರಿಗೆ ಎರಡು-ಮೂರು ದಿನ ಸಾಲುತ್ತದೆ. ಮುಕ್ಕಾಂ ಮಾಡಿದ ಕಡೆ ಕೇಳಿಕೊಂಡು ಅಲ್ಲಿನ ಶೌಚಾಲಯದಲ್ಲೇ ಖಾಲಿ ಮಾಡಿ; ಹಳ್ಳಕ್ಕೆ, ದಡಕ್ಕೆ ಸುರಿಯುವುದು ಆ ಊರಿಗೆ ಮಾಡುವ ದ್ರೋಹ.

ವಾಪಸು ಬರಲು ಬಂದ ದಾರಿಯೇ ಲೇಸು. ಆಗುಂಬೆಯ 14 ಹೇರ್‌ಪಿನ್ ತಿರುವು ಇಷ್ಟುದ್ದದ ಗಾಡಿಗಲ್ಲ. ಉಪ್ಪುಗಾಳಿ ಚಾಸಿಸ್, ಬ್ರೇಕ್ ಪೈಪು, ಬ್ಯಾಟರಿ ಟರ್ಮಿನಲ್‌ಗಳಿಗೆ ಅಂಟಿಕೊಂಡಿರುತ್ತದೆ. ಕಲಬುರಗಿಯವರೆಗೆ ಕಾಯದೆ ಹುಬ್ಬಳ್ಳಿಯಲ್ಲೇ ಸಿಹಿನೀರಿನಿಂದ ತಳ ತೊಳೆಸಿ, ಟರ್ಮಿನಲ್ ಒರೆಸಿ ವ್ಯಾಸಲೀನ್ ಹಚ್ಚಿ. ಮನೆಗೆ ಬಂದ ಮೇಲೆ ನೀರಿನ ಟ್ಯಾಂಕ್ ಪೂರ್ತಿ ಬಸಿದು, ಮುಚ್ಚಳ, ಫ್ರಿಜ್ ಬಾಗಿಲು, ಹಾಸಿಗೆಯಡಿಯ ಪೆಟ್ಟಿಗೆ ಎಲ್ಲವನ್ನೂ ತೆರೆದು ಎರಡು ದಿನ ನಮ್ಮ ಬಿಸಿಲಿಗೆ ಬಿಡಿ.